ಚೆಲುವಿನ ಬೆಲೆ: ವಿಕ್ಟೋರಿಯಾ ಯುಗದ ವಾದವೂ ಕನ್ನಡನಾಡಿನ ಉತ್ತರವೂ

ಸುಂದರವಾದುದರಿಂದ ಮನುಷ್ಯನಿಗೆ ಏನು ಪ್ರಯೋಜನ? ಒಳ್ಳೆಯ ಕಾವ್ಯವನ್ನು ಓದಿದವನು ಓದದವನಿಗಿಂತ ಒಳ್ಳೆಯ ಮನುಷ್ಯನಾಗುತ್ತಾನೆಯೆ? ಆಗುವುದಿಲ್ಲವೆಂದಾದರೆ ಆ ಕಾವ್ಯಕ್ಕೆ ಬೆಲೆ ಬಂದುದು ಎಲ್ಲಿಂದ? ಪ್ರಶ್ನೆ ಹೊಸತೇನೂ ಅಲ್ಲ. ಪ್ಲೇಟೋ ತನ್ನ ಆದರ್ಶ ರಾಜ್ಯದಿಂದ ಕವಿಗಳನ್ನು ಹೊರಗಿಟ್ಟಾಗಲೇ ಅದು ಹುಟ್ಟಿತ್ತು. ಕಾವ್ಯದ ಮಾತೇ ಬೇಡವೆಂದ ಶಾಸ್ತ್ರಜ್ಞರು ನಮ್ಮಲ್ಲಿಯೂ ಇದ್ದರು. ಆದರೆ ಈ ಪ್ರಶ್ನೆಯ ಮೇಲೆ ವಿಕ್ಟೋರಿಯಾ ರಾಣಿಯ ಕಾಲದ, ಎಂದರೆ ೧೮೩೭ರಿಂದ ೧೯೦೧ರ ವರೆಗಿನ, ಇಂಗ್ಲೆಂಡಿನಲ್ಲಿ ನಡೆದಷ್ಟು ಬಿರುಸಾದ ಜಗಳ ಬೇರೆಲ್ಲಿಯೂ ನಡೆದಂತೆ ತೋರುವುದಿಲ್ಲ. ಆ ಜಗಳದಲ್ಲಿ ಒಬ್ಬ ಪಂಡಿತ ತಾನು ಬರೆದ ಪುಟಗಳನ್ನು ತಾನೇ ಹಿಂತೆಗೆದುಕೊಂಡ. ಒಬ್ಬ ಚಿತ್ರಕಾರ ವಿಮರ್ಶಕನ ಮೇಲೆ ನ್ಯಾಯಾಲಯಕ್ಕೆ ಹೋದ. ಇನ್ನೊಬ್ಬ ಲೇಖಕನ ಕಾದಂಬರಿಯನ್ನೇ ಹಿಡಿದು ನ್ಯಾಯಾಲಯದಲ್ಲಿ ಪಾಟೀಸವಾಲು ನಡೆಯಿತು.

ದೂರದ ದೇಶದ, ಹಳೆಯ ಕಾಲದ ಈ ಜಗಳ ನಮಗೇಕೆ ಎಂದು ವಾಚಕರು ಕೇಳಬಹುದು. ಎರಡು ಕಾರಣಗಳಿವೆ. ಆ ವಾದದಲ್ಲಿ ಬಿದ್ದ ಒಂದು ದೊಡ್ಡ ಪೆಟ್ಟು ನಮ್ಮ ಕುಶಲಕರ್ಮಿಗಳ ಮೇಲೆಯೇ ಬಿತ್ತು. ಮತ್ತು ಅದಕ್ಕೆ ಸಂದ ಅತ್ಯಂತ ಶಾಂತವಾದ, ಅತ್ಯಂತ ಸಮರ್ಪಕವಾದ ಉತ್ತರಗಳಲ್ಲೊಂದು ಮೈಸೂರಿನ ಒಬ್ಬ ಅಧ್ಯಾಪಕರ ಲೇಖನಿಯಿಂದ ಬಂತು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡುವುದು ಈ ಲೇಖನದ ಉದ್ದೇಶ.

ರಸ್ಕಿನ್ನನ ತಕ್ಕಡಿ

ಜಾನ್ ರಸ್ಕಿನ್ (೧೮೧೯–೧೯೦೦) ಚಿತ್ರಕಲೆಯ ವಿಮರ್ಶಕನಾಗಿ ಬರೆಯತೊಡಗಿ, ಕಟ್ಟಡಗಳ ವಿಮರ್ಶಕನಾಗಿ ಬೆಳೆದು, ಕೊನೆಗೆ ತನ್ನ ಸಮಾಜದ ವಿಮರ್ಶಕನಾದ ಮಹಾಶಯ. ನಮ್ಮ ಜನ ಅವನನ್ನು ಬಲ್ಲುದು ಗಾಂಧೀಜಿಯವರ ಮೂಲಕ. ೧೯೦೪ರಲ್ಲಿ ದಕ್ಷಿಣ ಆಫ್ರಿಕದ ರೈಲುಪ್ರಯಾಣವೊಂದರಲ್ಲಿ ಗಾಂಧೀಜಿ ಅವನ ‘ಅನ್‌ಟು ದಿಸ್ ಲಾಸ್ಟ್’ ಎಂಬ ಪುಸ್ತಕವನ್ನು ಓದಿದರು. ೧೯೦೮ರಲ್ಲಿ ಅದರ ಸಾರವನ್ನು ‘ಸರ್ವೋದಯ’ ಎಂಬ ಹೆಸರಿನಿಂದ ಗುಜರಾತಿಗೆ ತಂದರು. ಬಡವನ ದುಡಿಮೆಗೆ ಗೌರವ ಕೊಟ್ಟ ಆ ರಸ್ಕಿನ್ ಸೌಂದರ್ಯದ ವಿಚಾರದಲ್ಲಿಯೂ ದುಡಿಯುವ ಕೈಯನ್ನು ಮರೆತವನಲ್ಲ.

೧೮೫೩ರಲ್ಲಿ ಪ್ರಕಟವಾದ ‘ವೆನಿಸ್ಸಿನ ಕಲ್ಲುಗಳು’ ಗ್ರಂಥದ ಎರಡನೆಯ ಸಂಪುಟದಲ್ಲಿ ಗೋಥಿಕ್ ಶೈಲಿಯ ಸ್ವರೂಪವನ್ನು ಕುರಿತ ಒಂದು ಅಧ್ಯಾಯವಿದೆ. ಅದರ ತಿರುಳನ್ನು ಹೀಗೆ ಹೇಳಬಹುದು. ಕೆತ್ತಿದ ಕಲ್ಲು ಕೆತ್ತಿದವನ ಮನಸ್ಸಿನ ಲೆಕ್ಕವನ್ನು ಇಟ್ಟುಕೊಂಡಿರುತ್ತದೆ. ಒಂದು ಕಟ್ಟಡದ ಎಲೆ ಬಳ್ಳಿಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದರೆ ಅಲ್ಲಿ ದುಡಿದವನು ಗುಲಾಮನಾಗಿದ್ದ ಎಂದು ತಿಳಿಯಬೇಕು. ಒಂದರಂತೆ ಒಂದಿಲ್ಲದೆ, ಅಲ್ಲಲ್ಲಿ ಕೈ ತಪ್ಪಿದ್ದರೂ ಬಗೆಬಗೆಯಾಗಿದ್ದರೆ, ಅಲ್ಲಿ ದುಡಿದವನಿಗೆ ತನ್ನ ಬುದ್ಧಿಯನ್ನು ಓಡಿಸುವ ಸ್ವಾತಂತ್ರ್ಯವಿತ್ತು, ಕೆಲಸದಲ್ಲಿ ಸಂತೋಷವಿತ್ತು ಎಂದು ತಿಳಿಯಬೇಕು. ಚೆಲುವಿನ ಬೆಲೆ ಎಂದರೆ ಅದನ್ನು ಮಾಡಿದವನ ಬಾಳಿನ ಬೆಲೆ. ಇಷ್ಟು ಉದಾರವಾದ ಸೌಂದರ್ಯವಿಚಾರ ಆ ಕಾಲದ ಇಂಗ್ಲೆಂಡಿನಲ್ಲಿ ಅಪೂರ್ವವಾದುದು.

ಆದರೆ ಐದು ವರ್ಷ ಕಳೆಯುವುದರೊಳಗೆ ಈ ತಕ್ಕಡಿಯ ಮುಳ್ಳು ವಾಲಿತು. ೧೮೫೮ರ ಜನವರಿಯಲ್ಲಿ ಲಂಡನಿನ ಸೌತ್ ಕೆನ್ಸಿಂಗ್ಟನ್ ವಸ್ತುಸಂಗ್ರಹಾಲಯದಲ್ಲಿ ರಸ್ಕಿನ್ ಒಂದು ಉಪನ್ಯಾಸ ಕೊಟ್ಟ. ಅದು ಮರುವರ್ಷ ‘ಎರಡು ದಾರಿಗಳು’ ಎಂಬ ಗ್ರಂಥದ ಮೊದಲ ಅಧ್ಯಾಯವಾಯಿತು. ೧೮೫೭ರ ಸಂಗ್ರಾಮದ ಸುದ್ದಿಯಿಂದ ಲಂಡನ್ ಆಗ ಕುದಿಯುತ್ತಿತ್ತು. ರಸ್ಕಿನ್ ಎರಡು ಜನಾಂಗಗಳನ್ನು ಎದುರೆದುರು ನಿಲ್ಲಿಸಿದ. ಒಂದು ಭಾರತೀಯರದು: ಬಣ್ಣ ಮತ್ತು ವಿನ್ಯಾಸಗಳ ಸೂಕ್ಷ್ಮ ಪ್ರೀತಿಯಲ್ಲಿ ಇವರಿಗೆ ಸಮಾನರಿಲ್ಲ ಎಂದು ಅವನು ಒಪ್ಪಿದ. ಇನ್ನೊಂದು ಸ್ಕಾಟ್ಲೆಂಡಿನ ಗುಡ್ಡಗಾಡಿನವರದು: ಇವರಿಗೆ ಹೊದ್ದ ಬಟ್ಟೆಯ ಪಟ್ಟೆಗಳಲ್ಲದೆ ಹೆಚ್ಚಿನ ಕಲೆಯೇ ಇಲ್ಲ. ಆದರೆ ಕ್ರೌರ್ಯ ಹೊರಟದ್ದು ಮೊದಲನೆಯವರಿಂದ, ನಿಷ್ಠೆ ಶೌರ್ಯಗಳು ಹೊರಟದ್ದು ಎರಡನೆಯವರಿಂದ ಎಂಬುದು ಅವನ ತೀರ್ಪು. ಇದಕ್ಕೆ ಕಾರಣವನ್ನೂ ಅವನು ಕೊಟ್ಟ: ಭಾರತದ ಕಲೆ ಪ್ರಕೃತಿಯ ಸತ್ಯವನ್ನು ಚಿತ್ರಿಸುವುದಿಲ್ಲ, ಇದ್ದ ಹೂವನ್ನು, ಇದ್ದ ಪ್ರಾಣಿಯನ್ನು ಇದ್ದಂತೆ ಬಿಡಿಸದೆ ಗೆರೆಗಳಲ್ಲಿಯೂ ವಿಚಿತ್ರಾಕೃತಿಗಳಲ್ಲಿಯೂ ಸುಖಿಸುತ್ತದೆ. ಕಲೆಯನ್ನು ಅದರ ಸುಖಕ್ಕಾಗಿಯೇ ಬೆಳೆಸಿದ ಜನ ಕೆಡುತ್ತಾರೆ.

ಅದೇ ಯುದ್ಧದಲ್ಲಿ ಇಂಗ್ಲಿಷ್ ಸೈನ್ಯ ತೀರಿಸಿಕೊಂಡ ಹಗೆ ಈ ತಕ್ಕಡಿಯ ಮೇಲೆ ಏರಲಿಲ್ಲವೆಂಬುದನ್ನು ಹೇಳಬೇಕಾಗಿಲ್ಲ. ಅದಕ್ಕಿಂತ ಮುಖ್ಯವಾದುದು ತರ್ಕದ ಮಾತು. ಚೆಲುವನ್ನು ಪ್ರೀತಿಸುವ ಜನ ಕ್ರೂರರಾಗಿರಬಹುದಾದರೆ ಚೆಲುವಿಗೆ ಏನು ಬೆಲೆ ಎಂಬ ಸಂಶಯ ರಸ್ಕಿನ್ನನನ್ನೇ ಕಾಡಿತು. ಆ ಸಂಶಯದಿಂದ ಪಾರಾಗಲು ಅವನು ಕಲೆಯನ್ನು ಎರಡಾಗಿ ಸೀಳಿದ: ಸತ್ಯವನ್ನು ಸೇವಿಸುವ ಒಳ್ಳೆಯ ಕಲೆ, ತನ್ನನ್ನೇ ಸೇವಿಸುವ ಕೆಟ್ಟ ಕಲೆ. ಕೆಟ್ಟದರ ಪಂಕ್ತಿಯಲ್ಲಿ ನಮ್ಮ ನೇಕಾರರೂ ಶಿಲ್ಪಿಗಳೂ ಕುಳಿತರು.

ಮೂಡಬಿದಿರೆಯ ಸಾಕ್ಷ್ಯ

ರಸ್ಕಿನ್ನನ ಈ ತೀರ್ಪನ್ನು ಅವನದೇ ಅಳತೆಗೋಲಿನಿಂದ ಪರೀಕ್ಷಿಸಲು ನಮ್ಮ ಜಿಲ್ಲೆಯವರು ದೂರ ಹೋಗಬೇಕಾಗಿಲ್ಲ. ಅವನ ಕಾಲದವನೇ ಆದ ಜೇಮ್ಸ್ ಫರ್ಗುಸನ್ (೧೮೦೮–೧೮೮೬) ಎಂಬ ಸ್ಕಾಟ್ಲೆಂಡಿನವನು ಕಲಕತ್ತೆಯಲ್ಲಿ ನೀಲಿಯ ವ್ಯಾಪಾರ ಮಾಡಿ, ಆಮೇಲೆ ಭಾರತದ ಕಟ್ಟಡಗಳ ಅಧ್ಯಯನಕ್ಕೆ ಬಾಳನ್ನು ಮೀಸಲಿಟ್ಟ. ೧೮೭೬ರಲ್ಲಿ ಹೊರಬಂದ ಅವನ ಭಾರತೀಯ ವಾಸ್ತುಶಿಲ್ಪದ ಇತಿಹಾಸದಲ್ಲಿ ಕನ್ನಡನಾಡಿಗೆ ಮರ್ಯಾದೆಯ ಸ್ಥಾನವಿದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವನ್ನು ಅವನು ಅಥೆನ್ಸಿನ ಪಾರ್ಥೆನಾನಿನ ಜೊತೆಗೇ ಇಟ್ಟು ತೂಗಿದ್ದಾನೆ. ಅವನಿಗೆ ಇವು ಕಲೆಯ ಎರಡು ಧ್ರುವಗಳು: ಒಂದು ಸಂಯಮದ ಬುದ್ಧಿಯ ಕಡೆಯ ಮಾತು, ಇನ್ನೊಂದು ಉಕ್ಕುವ ಕಲ್ಪನೆಯ ಕಡೆಯ ಮಾತು. ಮೇಲು ಕೀಳು ಎನ್ನದೆ, ಒಂದೊಂದೂ ತನ್ನ ಬಗೆಯಲ್ಲಿ ಶ್ರೇಷ್ಠ ಎಂದ ಆ ವಿವೇಕ ವಿಕ್ಟೋರಿಯಾ ಯುಗದಲ್ಲಿ ಸುಲಭವಾಗಿ ಸಿಕ್ಕುವಂಥದಲ್ಲ. ಆ ಹೊಯ್ಸಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದ್ದು ೨೦೨೩ರಲ್ಲಿ. ಫರ್ಗುಸನ್ನನ ಮಾತಿಗೂ ಆ ಮನ್ನಣೆಗೂ ನಡುವೆ ನೂರ ನಲವತ್ತೇಳು ವರ್ಷಗಳು.

ಮೂಡಬಿದಿರೆಯ ಬಸದಿಗಳನ್ನೂ ಅವನು ಬಿಟ್ಟಿಲ್ಲ. ಅವುಗಳ ಇಳಿಜಾರಾದ ಮಾಡುಗಳನ್ನು ಕಂಡು, ಇಂಥದನ್ನು ನೋಡಬೇಕಾದರೆ ನೇಪಾಳಕ್ಕೇ ಹೋಗಬೇಕು ಎಂದು ಬೆರಗಾಗಿದ್ದಾನೆ. ಬೆರಗಿನ ಹಿಂದಿನ ಕಾರಣ ನಮ್ಮ ಮಕ್ಕಳಿಗೂ ಗೊತ್ತು: ಆಟಿಯ ಮಳೆಗೆ ತಟ್ಟನೆ ನೀರಿಳಿಯುವ ಮಾಡಲ್ಲದೆ ಬೇರೆ ಮಾಡು ನಿಲ್ಲದು. ಇನ್ನು ಕಂಬಗಳ ಮಾತು. ಮರದ ದಿಮ್ಮಿಗಳ ಅಂಚನ್ನು ಹೆರೆದು ನಿಲ್ಲಿಸಿದಂತಿರುವ ಆ ಕಲ್ಲಿನ ಕಂಬಗಳಲ್ಲಿ ಒಂದರಂತೆ ಇನ್ನೊಂದಿಲ್ಲವೆಂದು ಫರ್ಗುಸನ್ ವಿಶೇಷವಾಗಿ ಗುರುತಿಸಿದ್ದಾನೆ. ೧೪೩೦ರಲ್ಲಿ ನಿರ್ಮಾಣಗೊಂಡ ತ್ರಿಭುವನತಿಲಕ ಚೂಡಾಮಣಿ ಬಸದಿಯನ್ನು, ಎಂದರೆ ನಮ್ಮ ಸಾವಿರ ಕಂಬದ ಬಸದಿಯನ್ನು, ಒಂದು ಸುತ್ತು ಹಾಕಿದವರಿಗೆ ಈ ಮಾತಿನ ಸತ್ಯ ಗೊತ್ತಾಗುತ್ತದೆ. ಒಂದು ಕಂಬದಲ್ಲಿ ಬಳ್ಳಿಯ ಹೆಣಿಗೆ, ಮಗ್ಗುಲಿನದರಲ್ಲಿ ಗಂಟಿನ ಹೆಣಿಗೆ, ಆಚೆಯದರಲ್ಲಿ ಮತ್ತೊಂದು. ಅದರ ಅಧಿಷ್ಠಾನದಲ್ಲಿ ಈ ನಾಡಿನವನು ಕಾಡಿನಲ್ಲಿ ಎಂದೂ ಕಾಣದ ಜಿರಾಫೆಯೊಂದಿದೆ; ಕಡಲಾಚೆಯ ವ್ಯಾಪಾರದ ಸುದ್ದಿಯನ್ನು ಯಾವನೋ ಶಿಲ್ಪಿ ಕುತೂಹಲದಿಂದ ಕಲ್ಲಿಗಿಳಿಸಿದ್ದಾನೆ.

ರಸ್ಕಿನ್ನನ ೧೮೫೩ರ ಅಳತೆಗೋಲನ್ನು ಇಲ್ಲಿ ಇಟ್ಟು ನೋಡಿರಿ. ಒಂದರಂತೆ ಒಂದಿಲ್ಲದ ಕಂಬಗಳು ಕೆತ್ತಿದವನ ಸ್ವಾತಂತ್ರ್ಯಕ್ಕೆ ಸಾಕ್ಷಿ ಎಂಬುದು ಅವನದೇ ಸಿದ್ಧಾಂತ. ಹಾಗಾದರೆ ಈ ಶಿಲ್ಪಿಗಳು ಅವನ ಪ್ರೀತಿಯ ವೆನಿಸ್ಸಿನ ಶಿಲ್ಪಿಗಳ ಸೋದರರೇ ಸರಿ. ೧೮೫೮ರ ತೀರ್ಪು ಅವನ ಸಿದ್ಧಾಂತದಿಂದ ಬಂದುದಲ್ಲ, ಆ ವರ್ಷದ ಸಿಟ್ಟಿನಿಂದ ಬಂದುದು.

ಫರ್ಗುಸನ್ ಹೇಳಿದ ಎರಡು ಧ್ರುವಗಳನ್ನು ಕಾಣಲು ಹಳೇಬೀಡಿನಿಂದ ಅಥೆನ್ಸಿಗೂ ಹೋಗಬೇಕಾಗಿಲ್ಲ. ಮೂಡಬಿದಿರೆಯಿಂದ ನಮ್ಮ ಕೊಕ್ಕಡಕ್ಕೆ ಬಂದರೆ ಸಾಕು. ಇಲ್ಲಿಯ ಸೌತಡ್ಕದಲ್ಲಿ ಮಹಾಗಣಪತಿಗೆ ಗುಡಿಯಿಲ್ಲ, ಗೋಪುರವಿಲ್ಲ, ತಲೆಯ ಮೇಲೆ ಮಾಡೂ ಇಲ್ಲ, ಬಯಲೇ ಗರ್ಭಗೃಹ. ದನ ಕಾಯುವ ಹುಡುಗರು ಮೂರ್ತಿಯನ್ನು ಮರದಡಿಯಲ್ಲಿ ಇಟ್ಟು ಸೌತೆಕಾಯಿಯನ್ನು ನೈವೇದ್ಯ ಮಾಡಿದ್ದರಿಂದ ಈ ಹೆಸರು ಬಂತೆಂಬುದು ಐತಿಹ್ಯ. ಅಲ್ಲಿ ಕಂಬಕ್ಕೊಂದು ಅಲಂಕಾರ, ಇಲ್ಲಿ ಕಂಬವೇ ಇಲ್ಲ. ಎರಡೂ ಕಡೆ ನಿಂತವನ ಮನಸ್ಸು ಒಂದೇ ರೀತಿ ಮೌನವಾಗುವುದು ಹೇಗೆ? ಬೆಲೆ ಅಲಂಕಾರದಲ್ಲಿಯೂ ಇಲ್ಲ, ಅಲಂಕಾರದ ಅಭಾವದಲ್ಲಿಯೂ ಇಲ್ಲ. ನೋಡುವವನ ಒಳಗೆ ನಡೆಯುವ ಯಾವುದೋ ಒಂದು ವ್ಯಾಪಾರದಲ್ಲಿದೆ. ಈ ಮಾತಿಗೆ ಮುಂದೆ ಮರಳಬೇಕಾಗಿದೆ.

ಆಕ್ಸ್‌ಫರ್ಡಿನ ಇಬ್ಬರು

ನೋಡುವವನ ಒಳಗೆ ಏನು ನಡೆಯುತ್ತದೆ ಎಂಬ ಪ್ರಶ್ನೆಯನ್ನು ಸಾಹಿತ್ಯವಿಮರ್ಶೆಗೆ ತಂದವನು ವಾಲ್ಟರ್ ಪೇಟರ್. ಅವನ ಮಾತು ತಿಳಿಯಬೇಕಾದರೆ ಮೊದಲು ಮ್ಯಾಥ್ಯೂ ಆರ್ನಲ್ಡನ ಮಾತು ತಿಳಿಯಬೇಕು.

ಆರ್ನಲ್ಡ್ (೧೮೨೨–೧೮೮೮) ಕವಿ. ಹೊಟ್ಟೆಪಾಡಿಗೆ ಶಾಲಾ ತನಿಖಾಧಿಕಾರಿ. ೧೮೫೭ರಿಂದ ಹತ್ತು ವರ್ಷ ಆಕ್ಸ್‌ಫರ್ಡಿನಲ್ಲಿ ಕಾವ್ಯದ ಪ್ರಾಧ್ಯಾಪಕ. ಡಾರ್ವಿನ್ನನ ಗ್ರಂಥ ಹೊರಬಂದ ೧೮೫೯ರಿಂದೀಚೆಗೆ ಇಂಗ್ಲೆಂಡಿನ ವಿದ್ಯಾವಂತರ ಮತಶ್ರದ್ಧೆ ಇನ್ನಷ್ಟು ಅಲುಗಾಡಿತ್ತು. ಮತದಿಂದ ದೊರೆಯುತ್ತಿದ್ದ ಸಮಾಧಾನವನ್ನು ಇನ್ನು ಕಾವ್ಯವೇ ಕೊಡಬೇಕಾದೀತು ಎಂದು ಆರ್ನಲ್ಡ್ ೧೮೮೦ರ ಒಂದು ಪ್ರಬಂಧದಲ್ಲಿ ವಾದಿಸಿದ. ಅವನಿಗೆ ಕಾವ್ಯವೆಂದರೆ ಬಾಳಿನ ವಿಮರ್ಶೆ. ಚೆಲುವು ಬೇಕು, ಆದರೆ ಬಾಳನ್ನು ಎತ್ತಿ ಹಿಡಿಯಲು ಬೇಕು.

ಇದೇ ಆರ್ನಲ್ಡ್ ೧೮೬೪ರಲ್ಲಿ ವಿಮರ್ಶಕನಿಗೆ ಒಂದು ಕರ್ತವ್ಯವನ್ನು ವಿಧಿಸಿದ್ದ: ವಸ್ತುವನ್ನು ಅದು ಇರುವಂತೆಯೇ ನೋಡಬೇಕು. ಪೇಟರ್ ೧೮೭೩ರಲ್ಲಿ ಈ ಸೂತ್ರವನ್ನು ಒಪ್ಪಿಕೊಂಡೇ ಮೆಲ್ಲನೆ ತಿರುಗಿಸಿದ: ವಸ್ತುವನ್ನು ಇರುವಂತೆ ನೋಡುವುದಕ್ಕೆ ಮೊದಲ ಮೆಟ್ಟಿಲೆಂದರೆ ಅದು ನನ್ನ ಮೇಲೆ ಮಾಡಿದ ಪರಿಣಾಮವನ್ನು ಇರುವಂತೆ ತಿಳಿಯುವುದು. ೧೮೯೧ರ ಹೊತ್ತಿಗೆ ಆಸ್ಕರ್ ವೈಲ್ಡ್ ಅದನ್ನು ತಲೆಕೆಳಗು ಮಾಡಿ, ವಸ್ತುವನ್ನು ಅದು ಇಲ್ಲದಂತೆ ನೋಡುವುದೇ ವಿಮರ್ಶೆಯ ಗುರಿ ಎಂದುಬಿಟ್ಟ. ಇಪ್ಪತ್ತೇಳು ವರ್ಷಗಳಲ್ಲಿ ಮೂರು ಹೆಜ್ಜೆ. ಇಂಗ್ಲಿಷ್ ವಿಮರ್ಶೆ ವಸ್ತುವಿನಿಂದ ಹೊರಟು ‘ನಾನು’ ಎಂಬಲ್ಲಿಗೆ ಬಂದು ನಿಂತಿತು.

ಪೇಟರ್ (೧೮೩೯–೧೮೯೪) ಸೌಮ್ಯ, ಸಂಕೋಚದ ಮನುಷ್ಯ. ಇಟಲಿಯ ಪುನರುಜ್ಜೀವನ ಕಾಲವನ್ನು ಕುರಿತ ಅವನ ಪ್ರಬಂಧಸಂಗ್ರಹದ ಕೊನೆಯಲ್ಲಿ ಕೆಲವೇ ಪುಟಗಳ ಒಂದು ಉಪಸಂಹಾರವಿತ್ತು. ಸೃಷ್ಟಿಯೆಲ್ಲ ಹರಿಯುವ ನೀರು. ನಮಗೆ ದಕ್ಕುವುದು ಕ್ಷಣಗಳು ಮಾತ್ರ. ಪ್ರತಿಯೊಬ್ಬನ ಮನಸ್ಸೂ ತನ್ನದೇ ಗೋಡೆಗಳೊಳಗೆ ಒಂಟಿ. ಹೀಗಿರುವಾಗ ಆ ಕ್ಷಣಗಳನ್ನು ಆದಷ್ಟು ತೀವ್ರವಾಗಿ, ಆದಷ್ಟು ಸುಂದರವಾಗಿ ಅನುಭವಿಸುವುದೇ ವಿವೇಕ. ಇದಕ್ಕೆ ಕಲೆಯಂಥ ಸಹಾಯಕ ಬೇರಿಲ್ಲ. ಇದು ಆ ಪುಟಗಳ ತಾತ್ಪರ್ಯ. ಆಕ್ಸ್‌ಫರ್ಡಿನ ಹಿರಿಯರು ಹೌಹಾರಿದರು. ತರುಣರು ಅದನ್ನು ಬಾಯಿಪಾಠ ಮಾಡಿದರು. ೧೮೭೭ರ ಎರಡನೆಯ ಮುದ್ರಣದಲ್ಲಿ ಪೇಟರ್ ಆ ಭಾಗವನ್ನು ತೆಗೆದುಹಾಕಿದ. ೧೮೮೮ರ ಮೂರನೆಯ ಮುದ್ರಣದಲ್ಲಿ ಸ್ವಲ್ಪ ತಿದ್ದಿ ಮತ್ತೆ ಸೇರಿಸಿದ. ತನ್ನ ಮಾತು ತರುಣರ ದಾರಿ ತಪ್ಪಿಸೀತೆಂಬ ಅಂಜಿಕೆಯಿಂದ ಹಾಗೆ ಮಾಡಿದೆನೆಂದು ಅವನೇ ಹೇಳಿಕೊಂಡಿದ್ದಾನೆ.

ಕಲೆಗಾಗಿಯೇ ಕಲೆ ಎಂಬ ಘೋಷಣೆಯ ಪ್ರವಾದಿ ಎಂದು ಪೇಟರನನ್ನು ಪಠ್ಯಪುಸ್ತಕಗಳು ಹೆಸರಿಸುತ್ತವೆ. ಆದರೆ ೧೮೮೮ರಲ್ಲಿಯೇ ಅವನು ಬರೆದ ಶೈಲಿಯನ್ನು ಕುರಿತ ಪ್ರಬಂಧದ ಕೊನೆಯನ್ನು ಎಷ್ಟು ಮಂದಿ ಓದಿದ್ದಾರೆಯೋ ತಿಳಿಯದು. ಒಳ್ಳೆಯ ಕಲೆ ಬೇರೆ, ದೊಡ್ಡ ಕಲೆ ಬೇರೆ ಎಂದು ಅವನು ಅಲ್ಲಿ ಬೇರ್ಪಡಿಸುತ್ತಾನೆ. ರೂಪ ಮತ್ತು ಭಾವಗಳ ಹೊಂದಿಕೆಯಿಂದ ಕಲೆ ಒಳ್ಳೆಯದಾಗುತ್ತದೆ. ಅದು ದೊಡ್ಡದಾಗುವುದು ವಸ್ತುವಿನ ಘನತೆಯಿಂದ, ಮನುಷ್ಯನ ಸುಖವನ್ನೂ ಪರಸ್ಪರ ಸಹಾನುಭೂತಿಯನ್ನೂ ಹೆಚ್ಚಿಸುವ, ನೊಂದವರ ಬಿಡುಗಡೆಗೆ ನೆರವಾಗುವ ಶಕ್ತಿಯಿಂದ. ಕ್ಷಣಗಳ ಕವಿಯಂತೆ ಹೊರಟವನು ಕೊನೆಗೆ ಸಹಾನುಭೂತಿಯ ಬಾಗಿಲಿಗೇ ಬಂದ.

ನ್ಯಾಯಾಲಯದಲ್ಲಿ ಸೌಂದರ್ಯ

ಕಲೆಗಾಗಿ ಕಲೆ ಎಂಬುದು ಮೂಲತಃ ಫ್ರಾನ್ಸಿನ ಮಾತು. ಗೋತಿಯೇ ಎಂಬ ಕವಿ ೧೮೩೫ರ ಒಂದು ಕಾದಂಬರಿಯ ಮುನ್ನುಡಿಯಲ್ಲಿ, ಉಪಯೋಗಕ್ಕೆ ಬರುವುದೆಲ್ಲ ಕುರೂಪ ಎಂಬಷ್ಟು ದೂರ ಹೋಗಿದ್ದ. ಇಂಗ್ಲೆಂಡಿಗೆ ಅದನ್ನು ತಂದವರಲ್ಲಿ ಸ್ವಿನ್‌ಬರ್ನ್ ಮುಖ್ಯನು. ೧೮೬೬ರಲ್ಲಿ ಅವನ ಕವನಸಂಗ್ರಹ ಹೊರಬಿದ್ದಾಗ ಎದ್ದ ಕೂಗಿಗೆ ಅಂಜಿ ಪ್ರಕಾಶಕನೇ ಪುಸ್ತಕವನ್ನು ಹಿಂತೆಗೆದುಕೊಂಡ. ೧೮೭೧ರಲ್ಲಿ ಬ್ಯೂಕನನ್ ಎಂಬ ವಿಮರ್ಶಕ ರೊಸೆಟ್ಟಿ ಮೊದಲಾದ ಕವಿಗಳನ್ನು ಮಾಂಸಲ ಪಂಥದವರೆಂದು ಹೀಗಳೆದ.

೧೮೭೭ರಲ್ಲಿ ರಸ್ಕಿನ್ ಮತ್ತೊಮ್ಮೆ ರಂಗಕ್ಕೆ ಬಂದ. ವಿಸ್ಲರ್ ಎಂಬ ಚಿತ್ರಕಾರ ಇನ್ನೂರು ಗಿನಿ ಬೆಲೆ ಇಟ್ಟಿದ್ದ ಚಿತ್ರವೊಂದನ್ನು ಅವನು ಬಣ್ಣದ ಎರಚಾಟವೆಂದು ಮೂದಲಿಸಿದ. ವಿಸ್ಲರ್ ಮಾನನಷ್ಟದ ದಾವೆ ಹೂಡಿದ. ೧೮೭೮ರ ನವೆಂಬರಿನಲ್ಲಿ ತೀರ್ಪು ಚಿತ್ರಕಾರನ ಪರವಾಗಿಯೇ ಆಯಿತು; ಆದರೆ ಪರಿಹಾರವಾಗಿ ಸಿಕ್ಕಿದ್ದು ಒಂದು ಫಾರ್ದಿಂಗ್, ಅಂದರೆ ಇಂಗ್ಲೆಂಡಿನ ಅತ್ಯಂತ ಸಣ್ಣ ನಾಣ್ಯಗಳಲ್ಲೊಂದು. ಖರ್ಚಿನ ಹೊರೆಯಿಂದ ವಿಸ್ಲರ್ ಮರುವರ್ಷ ದಿವಾಳಿಯಾದ. ಚೆಲುವಿನ ಬೆಲೆಯನ್ನು ನ್ಯಾಯಾಲಯ ಕಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೃಷ್ಟಾಂತ ಬೇಡ.

ಕಟ್ಟಕಡೆಯ ಅಂಕ ವೈಲ್ಡನದು. ‘ಡೋರಿಯನ್ ಗ್ರೇ’ ಕಾದಂಬರಿ ೧೮೯೧ರಲ್ಲಿ ಪುಸ್ತಕವಾಗಿ ಬಂದಾಗ ಅದಕ್ಕೆ ಬರೆದ ಮುನ್ನುಡಿಯಲ್ಲಿ, ಪುಸ್ತಕಕ್ಕೆ ನೀತಿ ಅನೀತಿ ಎಂಬುದಿಲ್ಲ, ಚೆನ್ನಾಗಿ ಬರೆದದ್ದು ಚೆನ್ನಾಗಿಲ್ಲದ್ದು ಎಂಬುದಷ್ಟೇ ಇದೆ ಎಂಬ ಅರ್ಥದ ಮಾತನ್ನು ಅವನು ಆಡಿದ್ದ. ೧೮೯೫ರಲ್ಲಿ ಅವನೇ ಹೂಡಿದ ಮಾನನಷ್ಟದ ಮೊಕದ್ದಮೆಯಲ್ಲಿ ಎದುರಾಳಿಯ ವಕೀಲ ಈ ಮಾತನ್ನೇ ಹಿಡಿದು ಅವನನ್ನು ಜೇರಿದ. ಆ ಮೊಕದ್ದಮೆ ಅವನಿಗೇ ತಿರುಗಿ, ಅವನ ಖಾಸಗಿ ಬಾಳಿನ ಕಾರಣದಿಂದ ಎರಡು ವರ್ಷಗಳ ಕಠಿನ ಶಿಕ್ಷೆಯಾಯಿತು. ಆ ಶಿಕ್ಷೆಯ ಅನ್ಯಾಯವನ್ನು ಇಂದು ಲೋಕ ಬಲ್ಲುದು. ಕಾದಂಬರಿಯ ವಿಷಯ ಬೇರೆ: ಮುನ್ನುಡಿ ಏನೇ ಹೇಳಲಿ, ಚೆಲುವನ್ನಷ್ಟೇ ಆರಾಧಿಸಿದ ತರುಣ ಹೇಗೆ ನಾಶವಾಗುತ್ತಾನೆ ಎಂಬುದೇ ಅದರ ಕತೆ. ಸಿದ್ಧಾಂತಿಯಾದ ವೈಲ್ಡ್ ಒಪ್ಪದ್ದನ್ನು ಕತೆಗಾರನಾದ ವೈಲ್ಡ್ ಬಲ್ಲವನಾಗಿದ್ದ.

ಒಂದೇ ವರ್ಷದ ಮೂರು ಸಾವುಗಳು

೧೯೦೦ರ ಜನವರಿಯಲ್ಲಿ ರಸ್ಕಿನ್, ನವೆಂಬರಿನಲ್ಲಿ ವೈಲ್ಡ್, ೧೯೦೧ರ ಜನವರಿಯಲ್ಲಿ ವಿಕ್ಟೋರಿಯಾ ರಾಣಿ; ಹೆಚ್ಚು ಕಡಿಮೆ ಒಂದೇ ವರ್ಷದಲ್ಲಿ ವಾದಿ, ಪ್ರತಿವಾದಿ, ಯುಗ ಮೂರೂ ಮುಗಿದವು. ಆ ೧೯೦೧ರಲ್ಲಿಯೇ ನಮ್ಮ ಜಿಲ್ಲೆಯ ಒಂದು ಚೇತನವೂ ಆರಿತು. ನಂದಳಿಕೆಯ ಲಕ್ಷ್ಮೀನಾರಣಪ್ಪ, ಎಂದರೆ ಮುದ್ದಣ, ಮೂವತ್ತೊಂದು ತುಂಬುವ ಹೊತ್ತಿಗೆ ಕ್ಷಯಕ್ಕೆ ತುತ್ತಾದ. ವ್ಯಾಯಾಮಶಿಕ್ಷಕನ ಬಡ ಸಂಬಳದಲ್ಲಿ ಬಾಳಿದ ಆ ಕವಿಗೆ ಪೇಟರನ ಹೆಸರು ಕೇಳುವ ಯೋಗವಿತ್ತೆಂದು ಊಹಿಸಲು ಆಧಾರವಿಲ್ಲ. ಆದರೂ ಚೆಲುವಿನ ಬೆಲೆಯ ಪ್ರಶ್ನೆಯನ್ನು ಅವನು ತನ್ನದೇ ರೀತಿಯಲ್ಲಿ ಬಿಡಿಸಿದ್ದಾನೆ.

ಕಾವ್ಯ ಉಪದೇಶ ಮಾಡುತ್ತದೆಯೇ ಎಂಬ ಪ್ರಶ್ನೆಗೆ ಮಮ್ಮಟ ಕೊಟ್ಟ ಉತ್ತರ ಪ್ರಸಿದ್ಧವಾದುದು: ವೇದ ಒಡೆಯನಂತೆ ಆಜ್ಞಾಪಿಸುತ್ತದೆ, ಪುರಾಣ ಗೆಳೆಯನಂತೆ ತಿಳಿಹೇಳುತ್ತದೆ, ಕಾವ್ಯ ಮಡದಿಯಂತೆ ಮನವೊಲಿಸುತ್ತದೆ. ಮುದ್ದಣನ ‘ರಾಮಾಶ್ವಮೇಧ’ದಲ್ಲಿ ಈ ಉಪಮೆ ಮನೆಯಂಗಳಕ್ಕೆ ಇಳಿದಿದೆ. ಅಲ್ಲಿ ಕತೆ ಕೇಳುವವಳೇ ಮಡದಿ. ಯಾವ ಕತೆ ಬೇಕು, ಗದ್ಯವೋ ಪದ್ಯವೋ, ಸಂಸ್ಕೃತ ಎಷ್ಟಿರಬೇಕು ಎಂಬುದನ್ನೆಲ್ಲ ಮನೋರಮೆ ವಿಚಾರಿಸುತ್ತಾಳೆ. ನಡುವೆ ತಡೆಯುತ್ತಾಳೆ, ನಗುತ್ತಾಳೆ, ಕೆಣಕುತ್ತಾಳೆ. ಮಮ್ಮಟನ ಮಡದಿ ಉಪದೇಶಿಸುವವಳು. ಮುದ್ದಣನ ಮಡದಿ ವಿಮರ್ಶಿಸುವವಳು. ಲಂಡನಿನಲ್ಲಿ ನ್ಯಾಯಾಲಯಕ್ಕೆ ಹೋದ ವ್ಯಾಜ್ಯ ಉಡುಪಿಯ ಬಡ ಮನೆಯಲ್ಲಿ ಸರಸವಾಗಿ ಇತ್ಯರ್ಥವಾಗುತ್ತಿತ್ತು ಎಂದರೆ ಅದು ಬರಿಯ ಚಮತ್ಕಾರದ ಮಾತಾಗದು. ಚೆಲುವಿನ ಬೆಲೆ ಕಟ್ಟುವವರು ನ್ಯಾಯಾಧೀಶರಲ್ಲ, ಪ್ರೀತಿಯಿಂದ ಕೇಳುವ ಸಹೃದಯರು ಎಂಬುದು ಅದರ ಇಂಗಿತ.

ಇಂಗ್ಲೆಂಡಿನಲ್ಲಿಯೂ ಜಗಳದ ಬಿಸಿ ಆರುತ್ತಿತ್ತು. ೧೯೦೧ರ ಜೂನ್ ತಿಂಗಳಿನಲ್ಲಿ ಎ. ಸಿ. ಬ್ರ್ಯಾಡ್ಲಿ ಆಕ್ಸ್‌ಫರ್ಡಿನಲ್ಲಿ ಕಾವ್ಯಕ್ಕಾಗಿ ಕಾವ್ಯ ಎಂಬ ವಿಷಯದ ಮೇಲೆ ಪ್ರಾರಂಭೋಪನ್ಯಾಸ ಮಾಡಿದ. ಕಾವ್ಯಾನುಭವಕ್ಕೆ ತನ್ನದೇ ಆದ ಒಳಬೆಲೆಯುಂಟು. ಕಾವ್ಯವೆಂದು ಅದನ್ನು ತೂಗುವಾಗ ಆ ಬೆಲೆಯೊಂದೇ ಗಣನೆಗೆ ಬರತಕ್ಕದ್ದು. ಅದು ಸಂಸ್ಕೃತಿಗೋ ಧರ್ಮಕ್ಕೋ ನೆರವಾಗಿ ಹೊರಬೆಲೆಯನ್ನೂ ಪಡೆಯಬಹುದು. ಆದರೆ ಹೊರಬೆಲೆಯಿಂದ ಒಳಬೆಲೆಯನ್ನು ಅಳೆಯಬಾರದು. ಮಾತು ನ್ಯಾಯವಾಗಿದೆ. ಆದರೆ ಆ ಒಳಬೆಲೆ ಎಂದರೆ ಏನು? ಅದು ಮನುಷ್ಯನಿಗೆ ಏಕೆ ಬೇಕು? ಇಲ್ಲಿಗೆ ಬಂದಾಗ ನಾವು ಮೈಸೂರಿನ ಕಡೆಗೆ ತಿರುಗಬೇಕು.

ಮೈಸೂರಿನ ಉತ್ತರ

ವಿಕ್ಟೋರಿಯಾ ಯುಗದ ಅಭಿರುಚಿ ಕನ್ನಡಕ್ಕೆ ಬಂದುದು ಕಾಲೇಜುಗಳ ಬಾಗಿಲಿನಿಂದ. ೧೮೬೧ರಲ್ಲಿ ಪಾಲ್‌ಗ್ರೇವ್ ಎಂಬವನು ಕವಿ ಟೆನಿಸನ್ನನ ಸಲಹೆ ಪಡೆದು ಸಂಕಲಿಸಿದ ‘ಗೋಲ್ಡನ್ ಟ್ರೆಜರಿ’ಯ ಹಲವು ಕವಿತೆಗಳು ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಮೂಲಕ ಕನ್ನಡದ ಕವಿತೆಗಳಾದವು. ಅದರೊಂದಿಗೆ ಅಲ್ಲಿಯ ವಾದವೂ ಬಂತು. ೧೯೪೦ರ ದಶಕದಲ್ಲಿ ಪ್ರಗತಿಶೀಲರು ಎದ್ದಾಗ, ಕಲೆ ಕಲೆಗಾಗಿಯೋ ಬಾಳಿಗಾಗಿಯೋ ಎಂಬುದು ನಮ್ಮ ಸಭೆಗಳ ನಿತ್ಯದ ಪ್ರಶ್ನೆಯಾಯಿತು. ವೇಶ್ಯಾಜೀವನವನ್ನು ಕುರಿತ ಅ. ನ. ಕೃಷ್ಣರಾಯರ ‘ನಗ್ನಸತ್ಯ’, ‘ಶನಿಸಂತಾನ’, ‘ಸಂಜೆಗತ್ತಲು’ ಕಾದಂಬರಿಗಳು ಅಶ್ಲೀಲವೆಂಬ ಕೂಗೆದ್ದಿತು. ಅದಕ್ಕೆ ಉತ್ತರವಾಗಿ ಅವರು ‘ಸಾಹಿತ್ಯ ಮತ್ತು ಕಾಮಪ್ರಚೋದನೆ’ ಎಂಬ ಪುಸ್ತಕವನ್ನೇ ಬರೆದರು. ಲಂಡನಿನ ೧೮೬೬ ನ್ನು ನಾವು ಎಂಬತ್ತು ವರ್ಷ ತಡವಾಗಿ ಮತ್ತೆ ಆಡಿದೆವು.

ಆದರೆ ಈ ಗದ್ದಲಕ್ಕೆ ಬಹು ಮೊದಲೇ, ೧೯೧೯ರಲ್ಲಿ, ಪುಣೆಯಲ್ಲಿ ನಡೆದ ಮೊದಲ ಅಖಿಲ ಭಾರತ ಪ್ರಾಚ್ಯವಿದ್ಯಾ ಸಮ್ಮೇಳನದಲ್ಲಿ ಮೈಸೂರಿನ ಪ್ರೊ. ಎಂ. ಹಿರಿಯಣ್ಣನವರು (೧೮೭೧–೧೯೫೦) ಭಾರತೀಯ ಸೌಂದರ್ಯಮೀಮಾಂಸೆಯನ್ನು ಕುರಿತು ಒಂದು ಪ್ರಬಂಧವನ್ನು ಮಂಡಿಸಿದ್ದರು. ಆ ಕಾಲದ ಹಿನ್ನೆಲೆಯನ್ನು ನೆನೆಯಬೇಕು. ಕೇವಲ ಒಂಬತ್ತು ವರ್ಷ ಹಿಂದೆ, ೧೯೧೦ರಲ್ಲಿ, ಲಂಡನಿನ ವಿದ್ವತ್ಸಭೆಯೊಂದರಲ್ಲಿ ಬರ್ಡ್‌ವುಡ್ ಎಂಬವನು ಬುದ್ಧನ ಮೂರ್ತಿಯೊಂದನ್ನು ಕೊಬ್ಬು ಹಾಕಿ ಬೇಯಿಸಿದ ಕಡುಬಿಗೆ ಹೋಲಿಸಿದ್ದ. ಹಿರಿಯಣ್ಣನವರು ಸಿಟ್ಟಿನ ಮಾತಾಡಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತ ಪಾಠ ಹೇಳುತ್ತಿದ್ದ ಆ ಮಿತಭಾಷಿ, ಕಲಾನುಭವವೆಂದರೆ ಏನೆಂದು ನಮ್ಮವರು ತಿಳಿದಿದ್ದರು ಎಂಬುದನ್ನು ಮಾತ್ರ ಬಿಡಿಸಿ ಹೇಳಿದರು. ಈ ವಿಷಯದ ಅವರ ಪ್ರಬಂಧಗಳು ೧೯೫೪ರಲ್ಲಿ, ಅವರು ತೀರಿಕೊಂಡ ಮೇಲೆ, ‘ಆರ್ಟ್ ಎಕ್ಸ್‌ಪೀರಿಯೆನ್ಸ್’ ಎಂಬ ಹೆಸರಿನಿಂದ ಗ್ರಂಥವಾಗಿ ಬಂದವು. ಅದರ ಹಿಂದಿನ ವರ್ಷವೇ ತೀ. ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಹೊರಬಂದು ಈ ವಿಚಾರಗಳನ್ನು ಕನ್ನಡದಲ್ಲಿಯೇ ಓದುವಂತಾಯಿತು.

ಹಿರಿಯಣ್ಣನವರ ವಿಚಾರದ ಸಾರ ಹೀಗೆ. ದಿನದ ಬಾಳಿನಲ್ಲಿ ನಾವು ಪ್ರತಿಯೊಂದನ್ನೂ ‘ನನಗೆ’ ಎಂಬ ಎಳೆಯಿಂದ ಕಟ್ಟಿಕೊಂಡಿರುತ್ತೇವೆ: ನನಗೆ ಲಾಭವೇ, ನಷ್ಟವೇ, ಮಿತ್ರನೇ, ವೈರಿಯೇ. ಕಲೆಯ ಎದುರಿಗೆ ಈ ಎಳೆ ಸಡಿಲುತ್ತದೆ. ಭಟ್ಟನಾಯಕ, ಅಭಿನವಗುಪ್ತರು ಇದನ್ನು ಸಾಧಾರಣೀಕರಣ ಎಂದರು. ಪುಸ್ತಕದಿಂದ ಅರ್ಥವಾಗದಿದ್ದರೆ ನಮ್ಮೂರಿನ ಬಯಲಾಟದಿಂದ ಅರ್ಥವಾದೀತು. ರಾತ್ರಿ ಧರ್ಮಸ್ಥಳ ಮೇಳದವರು ಕರ್ಣಪರ್ವವನ್ನು ಆಡುತ್ತಿದ್ದಾರೆ ಎನ್ನಿ. ಕರ್ಣ ನಿಂತದ್ದು ಅಧರ್ಮದ ಪಕ್ಷದಲ್ಲಿ ಎಂಬುದು ಗದ್ದೆಯಲ್ಲಿ ಕುಳಿತ ಅಜ್ಜನಿಂದ ಮೊಮ್ಮಗನ ವರೆಗೆ ಎಲ್ಲರಿಗೂ ಗೊತ್ತು. ಆದರೂ ರಥದ ಗಾಲಿ ಹೂತಾಗ ಗಂಟಲು ಕಟ್ಟದವರಿಲ್ಲ. ಮಗ್ಗುಲಿನವನೊಡನೆ ವರ್ಷಗಟ್ಟಲೆ ಗಡಿಜಗಳವಿದ್ದವನೂ ಆ ಗಳಿಗೆಯಲ್ಲಿ ಅವನ ಜೊತೆಗೇ ಕಣ್ಣೊರಸಿಕೊಳ್ಳುತ್ತಾನೆ. ಆ ದುಃಖ ಕರ್ಣನದೂ ಅಲ್ಲ, ನನ್ನದೂ ಅಲ್ಲ, ಮಗ್ಗುಲಿನವನದೂ ಅಲ್ಲ, ಎಲ್ಲರದು. ಆದುದರಿಂದಲೇ ಅದು ನೋಯಿಸದೆ ತಣಿಸುತ್ತದೆ.

ಚೆಲುವಿನ ಒಳಬೆಲೆ ಇದೇ: ನಾನು ಎಂಬುದರಿಂದ ಒಂದು ಗಳಿಗೆಯ ಬಿಡುಗಡೆ. ವೇದಾಂತಿಗಳು ಹೇಳುವ ಮೋಕ್ಷಕ್ಕೆ ಇದು ಸಮೀಪವಾದುದು, ಆದರೆ ಮೋಕ್ಷವಲ್ಲ. ಚಂಡೆ ನಿಂತು ಬೆಳಗಾದರೆ ಅದು ಮುಗಿಯಿತು. ಗಡಿಜಗಳ ಮತ್ತೆ ಶುರುವಾಗಬಹುದು. ಇದನ್ನು ಒಪ್ಪಿಕೊಳ್ಳಲು ನಮ್ಮ ಮೀಮಾಂಸೆಗೆ ಸಂಕೋಚವಿಲ್ಲ. ನೋಡಿರಿ, ರಸ್ಕಿನ್ನನ ಸಂಕಟ ಇಲ್ಲಿ ಎಷ್ಟು ಸರಳವಾಗಿ ಕರಗುತ್ತದೆ! ಚೆಲುವನ್ನು ಪ್ರೀತಿಸುವ ಜನ ಕ್ರೂರರಾಗಬಹುದು. ಕಲೆಯಿಲ್ಲದ ಜನ ಸಜ್ಜನರಾಗಬಹುದು. ಇದರಿಂದ ಕಲೆಗೆ ಕುಂದೂ ಇಲ್ಲ, ಪ್ರಶಸ್ತಿಪತ್ರವೂ ಇಲ್ಲ. ಕಲೆ ಬಿಡುಗಡೆಯ ರುಚಿಯನ್ನು ತೋರಿಸುತ್ತದೆ. ಆ ಬಿಡುಗಡೆಯನ್ನು ಬಾಳಿನಲ್ಲಿ ನೆಲೆಗೊಳಿಸುವುದು ಸಾಧನೆಯ ಕೆಲಸ. ರುಚಿ ತೋರಿಸಿದವನ ಮೇಲೆ ಅಡುಗೆ ಮಾಡಲಿಲ್ಲವೆಂದು ದೂರು ಹೊರಿಸಬಾರದು.

ಪೇಟರನ ಒಂಟಿತನಕ್ಕೂ ಇಲ್ಲಿ ಮದ್ದಿದೆ. ಅವನ ಪಾಲಿಗೆ ಪ್ರತಿಯೊಬ್ಬನೂ ತನ್ನ ಅನುಭವದ ಕೋಣೆಯಲ್ಲಿ ಸೆರೆಯಾಳು, ಕಲೆ ಆ ಕೋಣೆಯ ಒಳಗಿನ ದೀಪ. ನಮ್ಮವರ ಪಾಲಿಗೆ ಕಲೆ ಆ ಕೋಣೆಯ ಬಾಗಿಲು. ‘ನನ್ನ ಅನಿಸಿಕೆ’ ಎಂಬುದು ಎಷ್ಟು ಸೂಕ್ಷ್ಮವಾಗಿದ್ದರೂ ‘ನನ್ನ’ ಎಂಬುದು ಕಳಚದೆ ಅದು ರಸವಾಗದು.

ಹಾಗಾದರೆ ನೀತಿಗೆ ಸ್ಥಾನವೇ ಇಲ್ಲವೆ? ಇದೆ, ಆದರೆ ಪೊಲೀಸಿನವನ ಸ್ಥಾನವಲ್ಲ. ಅನೌಚಿತ್ಯಕ್ಕಿಂತ ರಸಭಂಗಕ್ಕೆ ಬೇರೆ ಕಾರಣವಿಲ್ಲವೆಂದು ಒಂಬತ್ತನೆಯ ಶತಮಾನದಲ್ಲಿಯೇ ಆನಂದವರ್ಧನ ಹೇಳಿದ್ದ. ಹಿರಿಯಣ್ಣನವರ ನಿಲುವೂ ಇದಕ್ಕೆ ಹೊಂದುವಂಥದೇ: ಕವಿ ನೀತಿಬೋಧೆಯನ್ನು ಗುರಿಯಾಗಿ ಇಟ್ಟುಕೊಳ್ಳಬೇಕಾಗಿಲ್ಲ, ಆದರೆ ಅವನ ದೃಷ್ಟಿಯಲ್ಲಿ ನೀತಿ ನೆಲೆಸಿರಬೇಕು. ಓದುವವನ ಧರ್ಮಬುದ್ಧಿ ಒಳಗೇ ಪ್ರತಿಭಟಿಸತೊಡಗಿದರೆ ತನ್ಮಯತೆ ಒಡೆಯುತ್ತದೆ, ರಸ ನಿಲ್ಲುವುದಿಲ್ಲ. ನೀತಿಯನ್ನು ಹೊರಗಿನ ಕಾವಲುಗಾರನನ್ನಾಗಿ ಮಾಡಿದವರು ವಿಕ್ಟೋರಿಯಾ ಯುಗದವರು. ಅದು ಮನೆಯೊಳಗಿನ ಹದವೆಂದು ಬಲ್ಲವರು ನಮ್ಮ ಮೀಮಾಂಸಕರು.

ರತ್ನಾಕರನ ಆನೆ

ನಮ್ಮವರೆಲ್ಲ ಈ ಬೆಳಕಿನಲ್ಲಿಯೇ ನಡೆದರೆಂದು ಹೇಳಿದರೆ ಆತ್ಮಪ್ರಶಂಸೆಯಾದೀತು. ಮೂಡಬಿದಿರೆಯ ರತ್ನಾಕರವರ್ಣಿ ಹದಿನಾರನೆಯ ಶತಮಾನದಲ್ಲಿ ‘ಭರತೇಶವೈಭವ’ವನ್ನು ಬರೆದ. ಸುಮಾರು ಹತ್ತು ಸಾವಿರ ಸಾಂಗತ್ಯ ಪದ್ಯಗಳ ಆ ಕಾವ್ಯದ ನಾಯಕ ಭೋಗದ ನಡುವೆ ಯೋಗಿ. ಅರಮನೆಯ ಸಂಗೀತ, ಊಟ, ಶೃಂಗಾರಗಳ ವರ್ಣನೆಯನ್ನೂ ಆತ್ಮಧ್ಯಾನವನ್ನೂ ಕವಿ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಕಾವ್ಯವನ್ನು ಆನೆಯ ಮೇಲೆ ಮೆರವಣಿಗೆ ಮಾಡಿಸಬೇಕೆಂದು ಕವಿ ಬಯಸಿದಾಗ, ಅದರಲ್ಲಿ ಶಾಸ್ತ್ರವಿರುದ್ಧವಾದ ಒಂದೆರಡು ಮಾತುಗಳಿವೆಯೆಂದು ಭಟ್ಟಾರಕರು ತಡೆದರಂತೆ. ಕವಿ ಮುನಿದು ಮತವನ್ನೇ ಬಿಟ್ಟು ಆಮೇಲೆ ಮರಳಿದನಂತೆ. ಇದು ‘ರಾಜಾವಳಿ ಕಥೆ’ ಮೊದಲಾದವುಗಳಿಂದ ಬಂದ ಐತಿಹ್ಯ. ಚರಿತ್ರೆಯೆಂದು ಹಿಡಿಯಬೇಕಾಗಿಲ್ಲ. ಆದರೆ ಹತ್ತು ಸಾವಿರ ಪದ್ಯಗಳನ್ನು ಒಂದೆರಡು ಪದ್ಯಗಳಿಂದ ಅಳೆಯುವ ಚಾಳಿ ಲಂಡನಿನದು ಮಾತ್ರವಲ್ಲ ಎಂಬುದನ್ನು ಅದು ನೆನಪಿಸುತ್ತದೆ. ಆನೆ ಏರದ ಆ ಕಾವ್ಯ ಓದುವವರ ನಾಲಗೆಯೇರಿ ನಾಲ್ಕೂವರೆ ಶತಮಾನ ಉಳಿದುಬಂತು.

ಈಗ ನಮ್ಮ ಕಾಲದ ಮಾತು. ಇಂದು ಕಾವ್ಯವನ್ನು ತಡೆಯುವವನು ನೀತಿಯ ಕಾವಲುಗಾರನಷ್ಟೇ ಅಲ್ಲ; ಲಾಭದ ಲೆಕ್ಕಿಗನೂ ಹೌದು. ಕನ್ನಡ ಎಂ.ಎ. ಓದಿ ಏನು ಪ್ರಯೋಜನ ಎಂದು ತಂದೆತಾಯಿಗಳು ಕೇಳುತ್ತಾರೆ, ಮಕ್ಕಳೂ ಕೇಳುತ್ತಾರೆ. ಅದಕ್ಕೆ ನಾವು ಅಧ್ಯಾಪಕರು ಎರಡು ಸುಲಭವಾದ ಉತ್ತರಗಳನ್ನು ಕೊಡುತ್ತೇವೆ. ಸಾಹಿತ್ಯ ಒಳ್ಳೆಯ ನಡತೆಯನ್ನು ಕಲಿಸುತ್ತದೆ ಎಂಬುದು ಒಂದು. ಅದು ಪೂರ್ತಿ ನಿಜವಲ್ಲವೆಂದು ಕೇಳಿದವರಿಗೆ ನಮ್ಮನ್ನು ನೋಡಿಯೇ ಗೊತ್ತಾಗುತ್ತದೆ. ಸಾಹಿತ್ಯಕ್ಕೆ ಪ್ರಯೋಜನ ಬೇಕಾಗಿಲ್ಲ ಎಂಬುದು ಇನ್ನೊಂದು. ಹೊಟ್ಟೆ ಬಟ್ಟೆ ಕಟ್ಟಿ ಶುಲ್ಕ ತೆತ್ತ ಕೃಷಿಕನ ಮುಂದೆ ಆ ಮಾತನ್ನು ಆಡಲು ನಾಲಗೆ ಏಳುವುದಿಲ್ಲ. ಒಂದು ರಸ್ಕಿನ್ನನ ಉತ್ತರ, ಇನ್ನೊಂದು ವೈಲ್ಡನ ಉತ್ತರ. ಎರಡನ್ನೂ ಇಂಗ್ಲೆಂಡು ನೂರು ವರ್ಷಗಳ ಹಿಂದೆಯೇ ಆಡಿ ಸೋತಿದೆ.

ಉಳಿದಿರುವುದು ಮೂರನೆಯದು, ಆ ಕೃಷಿಕನಿಗೆ ನಮಗಿಂತ ಚೆನ್ನಾಗಿ ಗೊತ್ತಿರುವಂಥದು. ದಿನವಿಡೀ ದುಡಿದು ದಣಿದವನು ನಿದ್ದೆಗೆಟ್ಟು ಆಟಕ್ಕೆ ಹೋಗುವುದು ನೀತಿ ಕಲಿಯಲಿಕ್ಕಲ್ಲ, ಲಾಭಕ್ಕೂ ಅಲ್ಲ. ತನ್ನ ಸಾಲ, ತನ್ನ ಜಗಳ, ತನ್ನ ಹೆಸರು ಇವುಗಳ ಆಚೆಗೆ ಒಂದು ರಾತ್ರಿ ನಿಂತು ಬರುವುದಕ್ಕೆ. ಮನುಷ್ಯ ತನ್ನನ್ನು ಮರೆಯಬಲ್ಲ, ಮರೆತು ಮತ್ತೊಬ್ಬನಿಗಾಗಿ ಮರುಗಬಲ್ಲ ಎಂಬ ತಿಳಿವು ಒಮ್ಮೆಯಾದರೂ ಬಂದವನಿಗೆ ಬಾಳು ಮೊದಲಿನಷ್ಟು ಇಕ್ಕಟ್ಟಾಗಿರುವುದಿಲ್ಲ. ಆ ತಿಳಿವನ್ನು ಅವನು ಬಳಸಿಕೊಳ್ಳುವನೋ ಬಿಡುವನೋ ಅದು ಅವನಿಗೆ ಸೇರಿದ್ದು. ಚೆಲುವು ತನ್ನ ಕೆಲಸವನ್ನು ಮಾಡಿ ಮುಗಿಸಿದೆ.